ತಣ್ಣಗಿದ್ದರೂ ತಿರುಗುವ ಫ್ಯಾನು

ಮಾವನವರು ಆ ಮಾತನ್ನು ಮೊದಲ ಸಲ ಹೇಳಿದ್ದು ಶ್ರಾವಣದಲ್ಲಿ. ಮಟಕಿ ಊರಿನ ಹೊಲದಿಂದ ಕಾರಿನಲ್ಲಿ ಬಂದವರು ಕಾಲು ತೊಳೆದುಕೊಂಡು ಪಡಸಾಲೆಯಲ್ಲಿ ಕೂತರು. ನಾನು ಕೊಟ್ಟ ಚಹಾವನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡು, "ಗಾಡಿ ಫ್ಯಾನು ಸುಮ್ ಸುಮ್ಮನ ತಿರಗತದ ನೋಡವ್ವ," ಅಂದರು. ಇಂಜಿನ್ ಇನ್ನೂ ತಣ್ಣಗಿರುವಾಗಲೇ, ಚಾವಿ ತಿರುವಿದ ಕೂಡಲೇ ರೇಡಿಯೇಟರಿನ ಫ್ಯಾನು ಶುರುವಾಗುತ್ತದೆ, ಆಮೇಲೆ ನಿಲ್ಲುವುದೇ ಇಲ್ಲ ಎಂಬುದು ಅವರ ದೂರು. ನಾನು ಒಂಬತ್ತನೇ ತರಗತಿಯ ಗಣಿತದ ಪೇಪರು ತಿದ್ದುತ್ತಿದ್ದೆ. ತಲೆ ಎತ್ತದೆ, ಎಸಿ ಹಾಕಿರುತ್ತೀರಿ ಮಾವಾರ, ಎಸಿ ಹಾಕಿದರೆ ಫ್ಯಾನು ತಿರುಗಲೇಬೇಕಲ್ಲ, ನೀವೇ ನನಗೆ ಕಲಿಸಿದ್ದು ಅಂದೆ. ಅವರು ಎಸಿ ಹಾಕುವ ಮನುಷ್ಯರಲ್ಲ. ಬೇಸಿಗೆಯಲ್ಲೂ ಕಿಟಕಿ ಇಳಿಸಿ, ಟವೆಲ್ಲು ಒದ್ದೆ ಮಾಡಿ ಕೊರಳಿಗೆ ಹಾಕಿಕೊಂಡು ಹೋಗುವವರು. ಅದು ನನಗೆ ಗೊತ್ತಿತ್ತು, ಆದರೂ ಅಂದೆ.

ನನಗೆ ಕಾರು ಕಲಿಸಿದವರೇ ಅವರು. ಮೂವತ್ತೊಂದು ವರ್ಷ ಸರಕಾರಿ ಕಚೇರಿಯೊಂದರ ಜೀಪು ಓಡಿಸಿ ನಿವೃತ್ತರಾದವರು. ಮಗನಿಗೆ ಕಲಿಸಲು ಹೋಗಿ, ಅವನಿಗೆ ಎಡಗೈ ಬಲಗೈ ಗೊತ್ತಾಗುವುದಿಲ್ಲ ಎಂದು ಮೂರೇ ದಿನಕ್ಕೆ ಕೈಬಿಟ್ಟರು. ನಮ್ಮವರು ಇವತ್ತಿಗೂ ಬೈಕು ಬಿಟ್ಟರೆ ಬೇರೇನನ್ನೂ ಓಡಿಸುವುದಿಲ್ಲ. ಆಳಂದದಲ್ಲಿ ಗೊಬ್ಬರ, ಬೀಜದ ಅಂಗಡಿ ಇಟ್ಟುಕೊಂಡು ಸುಖವಾಗಿದ್ದಾರೆ. ನನ್ನನ್ನು ಮಾತ್ರ ಮಾವನವರು ಭೂಸನೂರಿನ ದಾರಿಗೆ ಕರೆದೊಯ್ದು, ಕಬ್ಬು ಹೇರಿದ ಟ್ರ್ಯಾಕ್ಟರುಗಳ ನಡುವೆ ಬಿಟ್ಟರು. ಒಂದು ಟ್ರಾಲಿಯ ಕಬ್ಬು ತಾಗಿ ಪಕ್ಕದ ಕನ್ನಡಿ ಮುರಿದಾಗ ನಾನು ಸ್ಟೇರಿಂಗ್ ಬಿಟ್ಟು ಅತ್ತೆ. ಅವರು ಇಳಿದು ಆ ಕಬ್ಬಿನ ಜಲ್ಲೆಯನ್ನೇ ಎಳೆದುಕೊಂಡು ಬಂದು, "ಕನ್ನಡಿ ಹ್ವಾದ್ರ ಹೋಗ್ಲಿ, ಕಬ್ಬರೆ ಬಂತಲ್ಲ," ಅಂದರು. ಸೊಸೆಗೆ ಕಾರು ಕಲಿಸುತ್ತಾನೆ ಮುದುಕ ಎಂದು ಓಣಿಯವರು ನಕ್ಕರೆ, ನಮ್ಮ ಅಕ್ಕೋರು ಸಾಲಿಗೆ ಹೋಗೋದು ಬ್ಯಾಡೇನು ಎಂದು ಅವರೇ ಬಾಯಿ ಮುಚ್ಚಿಸಿದರು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಅನ್ನುತ್ತಾರೆ. ಮಾವನವರು ನನ್ನನ್ನು ಮನೆಯಲ್ಲೂ ಹಾಗೇ ಕರೆಯುತ್ತಿದ್ದರು, ಅರ್ಧ ಮರ್ಯಾದೆ, ಅರ್ಧ ಚೇಷ್ಟೆ.

ಕಾರಿಗೆ ಹದಿನೆಂಟು ವರ್ಷ. ಅದಕ್ಕೆ ಅವರದೊಂದು ನಿಯಮವಿತ್ತು. ಬೆಳಿಗ್ಗೆ ಮೊದಲು ದನಕ್ಕೆ ನೀರು, ಆಮೇಲೆ ಗಾಡಿಗೆ ನೀರು, ಆಮೇಲೆ ಮನುಷ್ಯನಿಗೆ ಚಹಾ. ದನ ಮಾರಿ ಹತ್ತು ವರ್ಷವಾದರೂ ನಿಯಮ ಹಾಗೇ ಉಳಿದಿತ್ತು. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವುದರೊಳಗೆ ಬಾನೆಟ್ಟು ಎತ್ತಿ ನೀರು ನೋಡುತ್ತಿದ್ದರು. ಎಷ್ಟೋ ದಿನ ಬಾನೆಟ್ಟಿನ ಮೇಲೆ ಅವರ ಬೆರಳಿನ ವಿಭೂತಿ ಅಂಟಿಕೊಂಡಿರುತ್ತಿತ್ತು. ನಾನು ಕಾರು ತೆಗೆಯುವ ದಿನ ನೀರು ನಾನು ನೋಡಬೇಕು. ಅದು ನನ್ನ ಜವಾಬ್ದಾರಿ. ಕಾರಿನ ಓಡಾಟವೂ ಅಷ್ಟಕ್ಕಷ್ಟೇ. ಅವರದು ಮಟಕಿಯ ಹೊಲ, ನನ್ನದು ಅಫಜಲಪುರ ತಾಲೂಕಿನ ಗಡಿಯಲ್ಲಿರುವ ಶಾಲೆ, ಮತ್ತೆ ಎಂದಾದರೊಮ್ಮೆ ಕಲಬುರಗಿ ದಾಟಿ ಜೇವರ್ಗಿ, ಅಂದರೆ ನನ್ನ ತವರು.

ಆ ವರ್ಷ ಮಾವನವರ ಮರೆವು ಶುರುವಾಗಿತ್ತು. ಅಥವಾ ಶುರುವಾಗಿದೆ ಎಂದು ನಾವು ತಿಳಿದುಕೊಂಡಿದ್ದೆವು. ಇವತ್ತಿಗೂ ನನಗೆ ಇದು ಸರಿಯಾಗಿ ಬಗೆಹರಿದಿಲ್ಲ. ಊಟವಾದ ಅರ್ಧ ತಾಸಿಗೆ, ಊಟ ಆಯ್ತೇನು ಎಂದು ಕೇಳಿದರು. ಮಟಕಿಗೆ ಹೊರಟವರು ಭೂಸನೂರಿಗೆ ಹೋಗಿ, ಸಕ್ಕರೆ ಕಾರ್ಖಾನೆಯ ಚಿಮಣಿ ಕಂಡ ಮೇಲೆ ದಾರಿ ತಪ್ಪಿದ್ದು ತಿಳಿದು ತಿರುಗಿ ಬಂದರು. ಅದನ್ನು ಅವರೇ ನಗುತ್ತ ಹೇಳಿದರು. ನಾವು ನಗಲಿಲ್ಲ. ಎಪ್ಪತ್ತಾರು ವರ್ಷದವರು ಕಾರು ಓಡಿಸುತ್ತಾರೆ, ನಾಳೆ ಏನಾದರೂ ಆದರೆ ಯಾರು ಹೊಣೆ ಎಂದು ನಮ್ಮವರು ಅಂಗಡಿಯಿಂದ ಬಂದಾಗಲೆಲ್ಲ ನನ್ನ ಕಿವಿಯಲ್ಲಿ ಹಾಡುತ್ತಿದ್ದರು. ಚಾವಿ ಇಸಿದುಕೊಳ್ಳಬೇಕು ಅನ್ನುವುದು ಅವರ ಮನಸ್ಸಿನಲ್ಲಿತ್ತು. ಆದರೆ ಅಪ್ಪನೆದುರು ಬಾಯಿ ಬಿಡುವ ಧೈರ್ಯ ಇರಲಿಲ್ಲ.

ಫ್ಯಾನಿನ ಮಾತೂ ಹೀಗೆ ಮರೆವಿನ ಪಟ್ಟಿಗೆ ಸೇರಿತು. ವಾರಕ್ಕೊಮ್ಮೆಯಾದರೂ ಅದನ್ನೇ ಹೇಳುತ್ತಿದ್ದರು. ಒಂದು ದಿನ ನನಗೆ ರೇಗಿ, ಬರ್ರಿ ನೋಡೇಬಿಡೋಣ ಎಂದು ಕರೆದುಕೊಂಡು ಹೋಗಿ ಕಾರು ಶುರು ಮಾಡಿದೆ. ನಾನು ಓಡಿಸುವಾಗ ಶಿವರಾತ್ರಿಯಿಂದ ದೀಪಾವಳಿಯವರೆಗೆ ಎಸಿಯ ಗುಂಡಿ ಒತ್ತಿಯೇ ಇರುತ್ತದೆ. ನಮ್ಮ ಬಿಸಿಲಿಗೆ ಬೇರೆ ದಾರಿಯಿಲ್ಲ. ಫ್ಯಾನು ತಿರುಗಿತು. ನೋಡಿದಿರಾ, ಎಸಿ ಇದೆ, ಫ್ಯಾನು ಇದೆ, ಮುಗಿಯಿತು ಅಂದೆ. ಎಸಿ ಬಂದ್ ಮಾಡಿ ನೋಡವ್ವ ಅಂದರು. ಸಾಲಿಗೆ ಹೊತ್ತಾಯಿತು ಎಂದು ನಾನು ಗೇರು ಹಾಕಿಬಿಟ್ಟೆ. ಒಂದು ಗುಂಡಿ ಒತ್ತುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ, ಅದಕ್ಕೆ ಎಬ್ಬಿಸುವವರೂ ಬೇಕಿಲ್ಲ. ಕನ್ನಡಿಯಲ್ಲಿ ಅವರು ಗೇಟಿನ ಹತ್ತಿರ ನಿಂತಿದ್ದು ಕಂಡಿತು.

ಕಾರ್ತಿಕ ಮುಗಿದು ಥಂಡಿ ಬಿತ್ತು. ಒಂದು ಬೆಳಿಗ್ಗೆ ಸ್ವೆಟರು ಹಾಕಿಕೊಂಡು ಕಾರಿನಲ್ಲಿ ಕೂತು ಚಾವಿ ತಿರುವಿದೆ. ಇಂಜಿನ್ ಇನ್ನೂ ಶುರುವಾಗಿರಲಿಲ್ಲ. ಎಸಿ ಬಂದಾಗಿತ್ತು. ಬಾನೆಟ್ಟಿನ ಒಳಗೆ ಫ್ಯಾನು ಗುಂಯ್ ಎಂದು ತಿರುಗತೊಡಗಿತು. ನಾನು ಚಾವಿ ಹಿಂದೆ ತಿರುವಿದೆ, ನಿಂತಿತು. ಮತ್ತೆ ತಿರುವಿದೆ, ಮತ್ತೆ ಗುಂಯ್ ಅಂದಿತು. ಮಾವನವರು ಹೇಳಿದ್ದು ಅಕ್ಷರಶಃ ಇದನ್ನೇ, ಆದರೆ ಅವರ ಮಾತು ಖರೆಯಾಯಿತಲ್ಲ ಎಂಬುದು ಆಗ ನನ್ನ ತಲೆಗೆ ಬರಲೇ ಇಲ್ಲ. ಇವರು ಇದಕ್ಕೆ ಏನು ಮಾಡಿಟ್ಟರಪ್ಪ ಎಂಬುದೇ ಬಂತು.

ಅವತ್ತೇ ಶಾಲೆ ಬಿಟ್ಟ ಮೇಲೆ ಅಫಜಲಪುರಕ್ಕೆ ಹೋದೆ. ಅಲ್ಲಿಯ ಮಿಸ್ತ್ರಿ ರೇಡಿಯೇಟರಿನ ಬುಡಕ್ಕೆ ಕೈ ಹಾಕಿ, ಇಲ್ಲಿ ಕಾವು ನೋಡುವ ಸ್ವಿಚ್ಚು ಇರುತ್ತದೆ, ನೀರು ಕಾದಾಗ ಮಾತ್ರ ಫ್ಯಾನಿಗೆ ಸುದ್ದಿ ಕೊಡುತ್ತದೆ, ಅದು ಕೆಟ್ಟು ಸದಾ ಸುದ್ದಿ ಕೊಡುತ್ತಿದೆ ಎಂದು ವಿವರಿಸಿದ. ಗಣಿತದವಳಿಗೆ ಕಾರಣ ಕೊಟ್ಟು ಮಾತಾಡಿದರೆ ಸಮಾಧಾನ. ಹೊಸ ಸ್ವಿಚ್ಚು ಹಾಕಿದ. ಚಾವಿ ತಿರುವಿದರೆ ಫ್ಯಾನು ಮೊದಲಿನಂತೆಯೇ ತಿರುಗಿತು. ಆ ಸ್ವಿಚ್ಚಿನ ವಾಯರನ್ನೇ ಕಿತ್ತ, ಆಗಲೂ ತಿರುಗಿತು. ಅವನು ವಾಯರನ್ನು ಮತ್ತೆ ಸಿಕ್ಕಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡಿ, "ತಿರಗಲಿ ಬಿಡ್ರಿ ಅಕ್ಕೋರ. ತಿರಗಲಿಲ್ಲಂದ್ರ ಚಿಂತಿ ಮಾಡಬೇಕು," ಅಂದ.

ನಾನೂ ಬಿಡುತ್ತಿದ್ದೆನೋ ಏನೋ. ಆದರೆ ಥಂಡಿ ಹೆಚ್ಚಿದಂತೆ ಬ್ಯಾಟರಿ ಸೋಲತೊಡಗಿತು. ಚಾವಿ ತಿರುವಿದ ಕೂಡಲೇ ಇದ್ದಬದ್ದ ಕರೆಂಟನ್ನು ಫ್ಯಾನು ಎಳೆದುಕೊಳ್ಳುವುದು, ಸೆಲ್ಫು ಕುರ್ ಕುರ್ ಎಂದು ಕೈ ಚೆಲ್ಲುವುದು. ಓಣಿಯವರಿಂದ ನೂಕಿಸಿಕೊಂಡು ಶಾಲೆಗೆ ಹೋಗುವುದಾಯಿತು. ಇಂಜಿನ್ ಕಾಯುವುದೇ ಇಲ್ಲ, ಕಾವು ತೋರಿಸುವ ಮುಳ್ಳು ತಳ ಬಿಟ್ಟು ಏಳುವುದೇ ಇಲ್ಲ, ಪೆಟ್ರೋಲು ಮಾತ್ರ ಕುಡಿಯುತ್ತದೆ. ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಗಿತ್ತು.

ಆಳಂದದಲ್ಲಿ ಕಾರಿನ ಕರೆಂಟಿನ ಕೆಲಸ ಮಾಡುವವರೊಬ್ಬರಿದ್ದಾರೆ. ವಯಸ್ಸಾದವರು, ಕಡಿಮೆ ಮಾತಿನವರು. ಒಂದು ರವಿವಾರ ಅವರಲ್ಲಿಗೆ ಒಯ್ದೆ. ಅವರು ಬಾನೆಟ್ಟಿನ ಮೂಲೆಯಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಕರಿ ಡಬ್ಬಿಯೊಂದನ್ನು ಕಿತ್ತರು. ರಿಲೇ ಅನ್ನುತ್ತಾರೆ, ಫ್ಯಾನಿಗೆ ಕರೆಂಟು ಬಿಡುವುದು, ನಿಲ್ಲಿಸುವುದು ಅದರ ಕೆಲಸ. ಸುಟ್ಟು ಹೋಗಿತ್ತು. ಹೊಸದು ಹಾಕಿದರೂ ಫ್ಯಾನು ಮೊದಲಿನಂತೆಯೇ. ಆಮೇಲೆ ಆ ಹೊಸ ರಿಲೇಯನ್ನೂ ಕಿತ್ತು ಅಂಗೈಯಲ್ಲಿಟ್ಟುಕೊಂಡರು. ಫ್ಯಾನು ತಿರುಗುತ್ತಲೇ ಇತ್ತು. ಕರೆಂಟು ಬಿಡುವ ಡಬ್ಬಿ ಅವರ ಕೈಯಲ್ಲಿದೆ, ಫ್ಯಾನು ತನ್ನ ಪಾಡಿಗೆ ತಿರುಗುತ್ತಿದೆ.

ಅವರು ಕಣ್ಣು ಕಿರಿದು ಮಾಡಿ, ಹೆಡ್‌ಲೈಟಿನ ಹಿಂದಿನಿಂದ ಒಂದು ನೀಲಿ ವಾಯರನ್ನು ಎರಡು ಬೆರಳಲ್ಲಿ ಎಳೆದು ತೋರಿಸಿದರು. ಕಾರಿನ ವಾಯರಲ್ಲ ಇದು, ಬೋರ್‌ವೆಲ್ ಮೋಟಾರಿಗೆ ಇಳಿಬಿಡುವ ಚಪ್ಪಟೆ ವಾಯರು, ಕೆಂಪು ಹಳದಿ ನೀಲಿ ಮೂರೂ ಕೂಡಿರುತ್ತವಲ್ಲ, ಅದರಲ್ಲಿ ಒಂದನ್ನು ಸೀಳಿ ಯಾರೋ ಫ್ಯಾನನ್ನು ಡೈರೆಕ್ಟ್ ಮಾಡಿದ್ದಾರೆ ಅಂದರು. ಡೈರೆಕ್ಟ್ ಅಂದರೆ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಾವು ಕೆಟ್ಟದ್ದನ್ನು ರಿಪೇರಿ ಮಾಡುವ ಜನವಲ್ಲ, ಡೈರೆಕ್ಟ್ ಮಾಡುವ ಜನ. ಸ್ಟಾರ್ಟರು ಕೆಟ್ಟರೆ ಮೋಟಾರು ಡೈರೆಕ್ಟ್, ಸ್ವಿಚ್ಚು ಕೆಟ್ಟರೆ ಬೀದಿದೀಪ ಡೈರೆಕ್ಟ್, ಬೇಸಿಗೆ ಬಂತೆಂದರೆ ಹಳೆಯ ಕಾರುಗಳ ಫ್ಯಾನು ಡೈರೆಕ್ಟ್. ನಡುವೆ ಕಾಯುವವನು, ತಡೆಯುವವನು ಯಾರೂ ಇರಬಾರದು. ಚಾವಿ ತಿರುವಿದರೆ ತಿರುಗಬೇಕು, ಅಷ್ಟೇ.

ಆ ಹಿರಿಯರು ರಿಲೇಯನ್ನು ತಿರುಗಿ ಅದರ ಜಾಗಕ್ಕೆ ಹಾಕಿ, ನೀಲಿ ವಾಯರನ್ನು ಕತ್ತರಿಸಿ, ಇಂಜಿನ್ ಶುರು ಮಾಡಿ ಬಿಟ್ಟರು. ಫ್ಯಾನು ನಿಂತಿತು. ಮುಳ್ಳು ಮೆಲ್ಲಗೆ ಎದ್ದಿತು, ಅರ್ಧ ದಾಟಿತು, ಮುಕ್ಕಾಲಿಗೆ ಬಂತು. ಈಗ ತಾನಾಗಿಯೇ ತಿರುಗಬೇಕಿದ್ದ ಫ್ಯಾನು ಮಿಸುಕಲಿಲ್ಲ. ಅವರು ಇಂಜಿನ್ ಬಂದ್ ಮಾಡಿ, ಕತ್ತರಿಸಿದ ವಾಯರನ್ನು ಮತ್ತೆ ಕೂಡಿಸಿದರು. ಡೈರೆಕ್ಟ್ ಮಾಡುವಾಗ ಹಳೆಯ ವಾಯರನ್ನು ಎಲ್ಲೋ ಕತ್ತರಿಸಿ ತುದಿ ಅಡಗಿಸಿಟ್ಟಿದ್ದಾರೆ, ಅದು ಸಿಗದೆ ಸರಿಯಾಗುವುದಿಲ್ಲ, ಹುಡುಕಬೇಕೆಂದರೆ ಅರ್ಧ ಗಾಡಿ ಬಿಚ್ಚಬೇಕು ಅಂದರು. ಆಮೇಲೆ ಕೈ ಒರೆಸಿಕೊಳ್ಳುತ್ತ, "ಮನ್ಯಾಗಿನವರದ ಕೈ ಇದ್ದಂಗ ಅದ. ಯಾರು ಮಾಡ್ಯಾರೋ ಅವರಿಗೇ ಕೇಳ್ರಿ ಅಕ್ಕೋರ," ಅಂದರು.

ಮನೆಯಲ್ಲಿ ಮಾವನವರ ಹತಾರದ ಪೆಟ್ಟಿಗೆ ತೆರೆದೆ. ಪಾನಾ, ಇಕ್ಕಳಗಳ ಕೆಳಗೆ ಅದೇ ಚಪ್ಪಟೆ ವಾಯರಿನ ಸುರುಳಿಯಿತ್ತು. ಮಟಕಿಯ ಬೋರಿಗೆ ತಂದು ಉಳಿದದ್ದು. ತುದಿ ಸೀಳಿತ್ತು. ಇನ್ನೇನು ಸಾಕ್ಷಿ ಬೇಕು? ಸುರುಳಿ ಹಿಡಿದುಕೊಂಡೇ ಅವರ ಮುಂದೆ ಹೋಗಿ ನಿಂತೆ. ನಮ್ಮವರೂ ಅಂಗಡಿಯಿಂದ ಬಂದಿದ್ದರು. ನೀವು ಫ್ಯಾನು ಡೈರೆಕ್ಟ್ ಮಾಡಿದಿರಾ ಎಂದು ಕೇಳಿದೆ. ಕೇಳಿದೆ ಎಂದು ಮರ್ಯಾದೆಗೆ ಬರೆಯುತ್ತಿದ್ದೇನೆ, ನಿಜವಾಗಿ ದಬಾಯಿಸಿದೆ. ಅವರು ಸಿಟ್ಟಿಗೆದ್ದರು. ಫ್ಯಾನು ತಿರುಗುತ್ತದೆ ಎಂದು ಶ್ರಾವಣದಿಂದ ಬಡಕೊಳ್ಳುತ್ತಿರುವವನು ನಾನು, ನಾನೇ ಮಾಡಿ ನಾನೇ ಬಡಕೊಳ್ಳುತ್ತೇನೇನು ಅಂದರು. ಮಾಡಿ ಮರೆತಿರಬೇಕು ಎಂದು ನಮ್ಮವರು ಮೆಲ್ಲಗೆ ಅಂದರು. ಆ ಮಾತು ನಾಲ್ಕು ತಿಂಗಳಿಂದ ಮನೆಯಲ್ಲಿ ಓಡಾಡುತ್ತಿತ್ತು, ಅವರ ಎದುರಿಗೆ ಬಂದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಅವರು ಬಾನೆಟ್ಟು ಎತ್ತಿಕೊಂಡು ನಿಂತರು. ಶಾಲೆಗೆ ಕ್ರಿಸ್‌ಮಸ್ ರಜೆಯಿತ್ತು, ನಾನು ಒಳಗಿಂದ ನೋಡುತ್ತಲೇ ಇದ್ದೆ. ನೀಲಿ ವಾಯರನ್ನು ಮುಟ್ಟುವರು, ಬಿಡುವರು. ಕಣ್ಣು ಮುಚ್ಚಿ ಕೈಯನ್ನು ಗಾಳಿಯಲ್ಲಿ ಆಡಿಸಿ, ನಾನು ಮಾಡಿದ್ದರೆ ಹೇಗೆ ಮಾಡಿರುತ್ತಿದ್ದೆ ಎಂದು ನೆನಪು ಮಾಡಿಕೊಳ್ಳುವರು. ಹಳೆಯ ತುದಿ ಎಲ್ಲಿ ಅಡಗಿಸಿರಬಹುದು ಎಂದು ಬಗ್ಗಿ ಹುಡುಕುವರು. ಬಿಸಿಲು ನೆತ್ತಿಗೆ ಬಂದರೂ ಒಳಗೆ ಬರಲಿಲ್ಲ. ಊಟಕ್ಕೆ ಕರೆಯಲು ಹೋದಾಗ ಚಾವಿಯನ್ನು ನನ್ನ ಕಡೆ ಚಾಚಿದರು.

"ನಾನಾ ಮಾಡಿರಬೇಕು ತಗೋ ಅವ್ವ. ನೆನಪ ಬರವಲ್ದು. ನೆನಪ ಬರದ ಮನಷ್ಯಾ ಗಾಡಿ ಹೊಡೀಬಾರದು."

ನಾನು ತೆಗೆದುಕೊಂಡೆ. ಬೇಡ ಮಾವಾರ ಅನ್ನಬಹುದಿತ್ತು. ಹಗುರಾಯಿತು, ನಾವಾಗಿ ಕೇಳುವ ಮೊದಲೇ ಕೊಟ್ಟರಲ್ಲ ಅನ್ನಿಸಿತು. ಅದನ್ನು ನನ್ನ ಗೊಂಚಲಿಗೆ ಸೇರಿಸಿಕೊಂಡೆ.

ಆಮೇಲಿನ ಹದಿನೈದು ದಿನ ಅವರು ಕಾರಿನ ಹತ್ತಿರ ಸುಳಿಯಲಿಲ್ಲ. ನೀರು ನೋಡುವುದನ್ನೂ ಬಿಟ್ಟರು. ಪೂಜೆ ಮುಗಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ, ಚಹಾ ಬರುವವರೆಗೆ ಪಡಸಾಲೆಯಲ್ಲಿ ನಿಂತೇ ಇರುತ್ತಿದ್ದರು. ಮಟಕಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ನನ್ನನ್ನು ಅಕ್ಕೋರು ಅನ್ನುವುದು ನಿಂತಿತು. ಒಂದು ದಿನ ಒಗೆಯಲು ಅವರ ಅಂಗಿಯ ಕಿಸೆ ನೋಡಿದರೆ, ಮಡಿಸಿದ ಚೀಟಿ ಸಿಕ್ಕಿತು. ತಮ್ಮ ಹೆಸರು, ನಮ್ಮ ಓಣಿ, ನನ್ನ ಫೋನ್ ನಂಬರು. ದಾರಿ ತಪ್ಪಿದವನನ್ನು ಯಾರಾದರೂ ಮನೆಗೆ ಮುಟ್ಟಿಸಲಿ ಎಂದು ತಾವೇ ಬರೆದುಕೊಂಡದ್ದು. ಮಗನ ನಂಬರು ಬರೆದಿರಲಿಲ್ಲ, ನನ್ನದು ಬರೆದಿದ್ದರು. ಚೀಟಿಯನ್ನು ಒಣಗಿದ ಅಂಗಿಯ ಕಿಸೆಗೆ ವಾಪಸು ಇಟ್ಟೆ. ನನಗೆ ಯಾರ ಮೇಲೆ ಸಿಟ್ಟು ಬರುತ್ತಿದೆ ಎಂದು ತಿಳಿಯದೆ ಅವತ್ತು ಅಡುಗೆಮನೆಯಲ್ಲಿ ಪಾತ್ರೆಗಳನ್ನೆಲ್ಲ ಕುಕ್ಕಿದೆ.

ಸಂಕ್ರಮಣದ ಮುಂಚೆ ಜೇವರ್ಗಿಯಲ್ಲಿ ನನ್ನ ಅಣ್ಣನ ಸೊಸೆಯ ಕುಬಸವಿತ್ತು. ಒಬ್ಬಳೇ ಕಾರು ತೆಗೆದುಕೊಂಡು ಹೋದೆ. ಬಸುರಿಗೆ ಹಸಿರು ಬಳೆ ಇಡಿಸಿ, ಆರತಿ ಮಾಡಿ, ಊಟವಾಯಿತು. ಮರುದಿನ ಬೆಳಿಗ್ಗೆ ಹೊರಡಲು ಕೂತರೆ ಬ್ಯಾಟರಿ ಪೂರಾ ಮಲಗಿತ್ತು. ಫ್ಯಾನು ಎರಡು ಸುತ್ತು ತಿರುಗಿ ಅದೂ ನಿಂತಿತು. ಹೈವೇ ಮೇಲೆ ನನಗೊಬ್ಬ ಮಿಸ್ತ್ರಿ ಗೊತ್ತು ಎಂದು ಅಣ್ಣ ಫೋನ್ ಮಾಡಿದ. ಅವನು ಇನ್ನೊಂದು ಬ್ಯಾಟರಿ ಹೊತ್ತುಕೊಂಡು ಬೈಕಿನಲ್ಲಿ ಬಂದ. ಬಾನೆಟ್ಟು ಎತ್ತಿದವನು ಒಳಗೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ನಕ್ಕ.

"ಅಕ್ಕೋರ, ಇನ್ನಾ ಹಂಗೇ ಅದ ಏನ್ರಿ? ಮಳಿ ಬಿದ್ದ ಮ್ಯಾಲ ತೆಗಿಸ್ರಿ ಅಂದಿದ್ದೆನಲ್ರಿ."

ಏನನ್ನು ಎಂದು ಕೇಳಿದೆ. ಅವನು ನೀಲಿ ವಾಯರಿಗೆ ಬೆರಳು ತಗಲಿಸಿದ. ಇದು ನನ್ನ ಕೈ ಕೆಲಸ, ನಿಮ್ಮ ಗಾಡಿ ಮೇ ತಿಂಗಳಲ್ಲಿ ನನ್ನ ಅಂಗಡಿಯ ಮುಂದೆಯೇ ಕುದ್ದು ನಿಂತಿತ್ತಲ್ಲ ಅಂದ. ನನ್ನ ಮುಖ ನೋಡಿ ಅವನಿಗೆ ಸಂಶಯ ಬಂದಿರಬೇಕು. ನೀವು ಡಬ್ಬಿ ಬಿಚ್ಚಿ ನನಗೆ ಎರಡು ಸೇಂಗಾ ಹೋಳಿಗೆ ಕೊಟ್ಟಿದ್ದಿರಿ ಎಂದು ನೆನಪು ಮಾಡಿಕೊಟ್ಟ.

ಹೋಳಿಗೆ ಕೊಟ್ಟದ್ದು ನನಗೆ ಚೆನ್ನಾಗಿ ನೆನಪಿತ್ತು. ಅಣ್ಣನ ಹೊಸ ಮನೆಯ ಪ್ರವೇಶಕ್ಕೆ ಹೊರಟಿದ್ದೆ. ಗಡಬಡಿಯಲ್ಲಿ ಆವತ್ತು ನೀರು ನೋಡಿರಲಿಲ್ಲ. ಎಸಿ ಗಾಳಿ ಬಿಸಿಯಾಗಿ ಬರುತ್ತಿದ್ದರೂ ಬಿಸಿಲಿಗೆ ಹಾಗೆ ಎಂದುಕೊಂಡೆ. ಜೇವರ್ಗಿ ಮುಟ್ಟುವುದಕ್ಕೆ ಮೊದಲು ಬಾನೆಟ್ಟಿನಿಂದ ಹೊಗೆಯೆದ್ದಿತು. ಆ ಮಿಸ್ತ್ರಿ ಏನೇನೋ ಹೇಳುತ್ತಿದ್ದ, ನಾನು ಫೋನಿನಲ್ಲಿದ್ದೆ, ಹೊತ್ತು ಮೀರುತ್ತಿದೆ ಎಂದು ಅತ್ತಿಗೆ ಕೂಗುತ್ತಿದ್ದಳು. ಅವನಿಗೆ ನಾನು ಹೇಳಿದ್ದು ಒಂದೇ ಮಾತು, ಏನರೆ ಮಾಡ್ರಿ, ಲಗೂ ಮಾಡ್ರಿ. ಹೊರಡುವಾಗಲೂ ಅವನು ಕಿಟಕಿಗೆ ಬಗ್ಗಿ ಏನೋ ಅಂದ, ನಾನು ಹೂಂ ಹೂಂ ಅಂದೆ. ನೀರು ಹಾಕಿದ್ದಾನೆ, ಅಷ್ಟೇ ಎಂದು ತಿಳಿದಿದ್ದೆ. ಮನೆಗೆ ಬಂದು ಗಾಡಿ ಕುದ್ದ ಸಂಗತಿಯನ್ನೇ ಹೇಳಲಿಲ್ಲ. ನೀರು ನೋಡದೆ ಹೋದೆ ಎಂದು ಮಾವನವರಿಗೆ ಗೊತ್ತಾದರೆ ಏನಂದುಕೊಳ್ಳುತ್ತಾರೋ ಎಂದು ಮುಚ್ಚಿಟ್ಟೆ. ಮುಚ್ಚಿಟ್ಟದ್ದು ಎಷ್ಟು ಚೆನ್ನಾಗಿತ್ತೆಂದರೆ ನನ್ನಿಂದಲೂ ಮುಚ್ಚಿಹೋಯಿತು.

ಮಿಸ್ತ್ರಿ ಬ್ಯಾಟರಿ ಎತ್ತಿದ. ಅದರ ತಟ್ಟೆಯ ಕೆಳಗೆ, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ ಹಳೆಯ ವಾಯರಿನ ತುದಿ ಮುದುಡಿಕೊಂಡು ಕೂತಿತ್ತು. ಅವತ್ತು ರಿಲೇ ಸುಟ್ಟಿತ್ತು, ನನ್ನಲ್ಲಿ ಬೇರೆ ಇರಲಿಲ್ಲ, ಅದಕ್ಕೆ ಅಂಗಡಿಯಲ್ಲಿ ಬಿದ್ದಿದ್ದ ಬೋರಿನ ವಾಯರಿನಿಂದ ಡೈರೆಕ್ಟ್ ಕೊಟ್ಟೆ ಅಂದ. ಹೊಸ ರಿಲೇಯನ್ನು ಆಳಂದದಲ್ಲೇ ಹಾಕಿಸಿಯಾಗಿತ್ತು. ನೀಲಿ ವಾಯರು ಕಿತ್ತು, ಹಳೆಯ ತುದಿಯನ್ನು ಕೂಡಿಸಿದ. ಹತ್ತು ನಿಮಿಷವೂ ಹಿಡಿಯಲಿಲ್ಲ. ಮೂರು ತಾಲೂಕು ಸುತ್ತಿದ ರೋಗಕ್ಕೆ ಔಷಧ ನನ್ನ ತವರಿನಲ್ಲೇ ಇತ್ತು. ಕಿತ್ತ ವಾಯರನ್ನು ಅವನು ಬಿಸಾಡಲು ಹೋದಾಗ, ಇತ್ತ ಕೊಡಿ ಎಂದು ಇಸಿದುಕೊಂಡೆ.

ದಾರಿಯುದ್ದಕ್ಕೂ ಫ್ಯಾನಿನ ಸದ್ದಿಲ್ಲದೆ ಕಾರು ಬೇರೆಯವರದ್ದೇನೋ ಅನ್ನಿಸುತ್ತಿತ್ತು. ಭೀಮಾ ನದಿಯ ಸೇತುವೆ ದಾಟುವಾಗ, ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆ ಬಂತು. ಸುಳ್ಳು ಬರೆಯಲಾರೆ, ಬಂತು. ಅವರು ಹೇಗೂ ಚಾವಿ ಕೊಟ್ಟಿದ್ದಾರೆ. ಮರೆವು ಇರುವುದೂ ಸುಳ್ಳಲ್ಲ, ಭೂಸನೂರಿಗೆ ಹೋಗಿದ್ದು ಖರೆಯೇ. ಇವತ್ತಲ್ಲ ನಾಳೆ ಬಿಡಿಸಲೇಬೇಕಾದ ಚಾವಿ, ತಾನಾಗಿ ಬಂದಿದೆ. ಫ್ಯಾನು ಸರಿಯಾಯಿತು ಅಂದರೆ ಸಾಕು, ಯಾರು ಮಾಡಿದ್ದು ಎಂದು ಕೇಳುವವರಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಇಲ್ಲಿ ಎಮ್ಮೆ ತಾನೇ ಬಂದು, ಜ್ವರ ನನಗೇ ಎಂದು ಮೈಯೊಡ್ಡಿತ್ತು. ಕಲಬುರಗಿ ದಾಟುವವರೆಗೂ ನಾನು ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಮನೆ ಮುಟ್ಟಿದಾಗ ಅವರು ಕಟ್ಟೆಯ ಮೇಲೆ ಕೂತು ಸೇಂಗಾ ಸುಲಿಯುತ್ತಿದ್ದರು. ಎದ್ದು ಬರಲಿಲ್ಲ. ನಾನು ನೀಲಿ ವಾಯರನ್ನು ಅವರ ಮುಂದಿನ ಮೊರದಲ್ಲಿ ಇಟ್ಟೆ. ಕೂತು ಹೇಳಬೇಕೆಂದುಕೊಂಡಿದ್ದೆ, ನಿಂತೇ ಹೇಳಿದೆ. ನೀರು ನೋಡದೆ ಹೋದದ್ದು, ಗಾಡಿ ಕುದ್ದದ್ದು, ಮುಚ್ಚಿಟ್ಟದ್ದು, ಮರೆತದ್ದು ಎಲ್ಲ. ಎಲ್ಲೋ ನಡುವೆ ಅಳು ಬಂತು, ಅದನ್ನೂ ಸಿಟ್ಟಿನ ಥರವೇ ಅತ್ತೆ. ಅವರು ವಾಯರನ್ನು ಎತ್ತಿ ತುದಿ ನೋಡಿದರು, ಅದಕ್ಕೂ ಸುತ್ತಿದ್ದ ಟ್ಯೂಬಿನ ಪಟ್ಟಿಯನ್ನು ಉಗುರಿನಿಂದ ಕೆರೆದು ನೋಡಿದರು.

"ಹಂಗಾರ ನಾ ಮಾಡಿಲ್ಲೇನು?"

"ಇಲ್ರಿ ಮಾವಾರ. ನಾನು."

ನನ್ನ ಗೊಂಚಲಿನಿಂದ ಚಾವಿ ತೆಗೆದು ಕೊಟ್ಟೆ. ಬಹಳ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡರು. ಆಮೇಲೆ ಎದ್ದು, ಸೇಂಗಾ ಸಿಪ್ಪೆ ಝಾಡಿಸಿಕೊಂಡು, ಫ್ಯಾನು ನೋಡಬೇಕು ಅಂದರು. ಇಂಜಿನ್ ಇನ್ನೂ ಬಿಸಿಯಿತ್ತು. ಈಗ ನೋಡಿದರೆ ಏನು ತಿಳಿಯುತ್ತದೆ, ಪೂರಾ ತಣ್ಣಗಾಗಲಿ, ನಾಳೆ ಬೆಳಿಗ್ಗೆ ಎಂದು ಅವರೇ ಅಂದರು. ನಮ್ಮವರು ಅಂಗಡಿಯಿಂದ ಬಂದ ಮೇಲೆ ಅವರಿಗೂ ಹೇಳಿದೆ. ಅವರು ಅಪ್ಪನ ಕಡೆ ನೋಡದೆ ಊಟ ಮುಗಿಸಿದರು.

ಮರುದಿನ ಪೂಜೆಯಾದ ಮೇಲೆ ಮಾವನವರು ಬಾನೆಟ್ಟು ಎತ್ತಿ ನೀರು ನೋಡಿದರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಾವಿ ತಿರುವಿದರು. ಫ್ಯಾನು ಸುಮ್ಮನಿತ್ತು. ಇಂಜಿನ್ ಶುರುವಾಯಿತು, ಆಗಲೂ ಸುಮ್ಮನಿತ್ತು. ಗೇಟಿನೊಳಗೇ ನಿಂತ ಕಾರಿನಲ್ಲಿ ನಾವಿಬ್ಬರೂ ಮುಳ್ಳು ನೋಡುತ್ತ ಕೂತೆವು. ಥಂಡಿಯಿತ್ತು, ಕಾವು ಏರುವುದಕ್ಕೆ ಸುಮಾರು ಹೊತ್ತು ಹಿಡಿಯಿತು. ನನಗೆ ಶಾಲೆಗೆ ಹೊತ್ತಾಗುತ್ತಿತ್ತು, ಆವತ್ತು ಬಾಯಿ ಬಿಡಲಿಲ್ಲ. ಮುಳ್ಳು ಅರ್ಧ ದಾಟಿತು. ಅವರು ಬೆರಳು ಎತ್ತಿ, ಈಗ ಅಂದರು. ಏನೂ ಆಗಲಿಲ್ಲ. ಇನ್ನೊಂದು ಗಳಿಗೆಗೆ ಫ್ಯಾನು ತಾನಾಗಿ ತಿರುಗಿತು. ಸ್ವಲ್ಪ ಹೊತ್ತು ತಿರುಗಿ, ತಾನಾಗಿ ನಿಂತಿತು.

"ಬರೊಬ್ಬರಿ ಆಯ್ತು ನೋಡ್ರಿ ಅಕ್ಕೋರ," ಅಂದರು.

ಚಾವಿ ಈಗ ದೇವರ ಕೋಣೆಯ ಬಾಗಿಲ ಪಕ್ಕದ ಮೊಳೆಯಲ್ಲಿ ಅದರ ಜಾಗದಲ್ಲೇ ಇದೆ. ಮಟಕಿಗೆ ಅವರೇ ಹೋಗುತ್ತಾರೆ. ತಿರುಗಿ ಬರುವವರೆಗೆ ನಾನು ಗೇಟಿನ ಸದ್ದಿಗೆ ಕಿವಿಯಿಟ್ಟಿರುತ್ತೇನೆ. ಅವರು ಮರೆಯುವುದೇನೂ ನಿಂತಿಲ್ಲ, ಮೊನ್ನೆ ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕಿದರು. ಕಿಸೆಯಲ್ಲಿ ಆ ಚೀಟಿಯೂ ಹಾಗೇ ಇದೆ. ಎಷ್ಟು ಮರೆವು, ಎಷ್ಟು ವಯಸ್ಸು, ಎಷ್ಟು ನಮ್ಮ ಕಣ್ಣಿನ ದೋಷ ಎಂದು ಲೆಕ್ಕ ಕಲಿಸುವ ನನಗೇ ಬಿಡಿಸಲು ಬರುವುದಿಲ್ಲ.

ಒಂದು ಮಾತ್ರ ಆವತ್ತಿನಿಂದ ಹೊಸದಾಗಿ ಸೇರಿಕೊಂಡಿದೆ. ವಾರಕ್ಕೆರಡು ಸಲವಾದರೂ, ಊಟಕ್ಕೆ ಕೂತಾಗಲೋ ಚಹಾ ಕುಡಿಯುವಾಗಲೋ, ಮಗನೆದುರು, ಒಮ್ಮೊಮ್ಮೆ ಬಂದ ಬೀಗರೆದುರು, ಆ ಫ್ಯಾನು ಡೈರೆಕ್ಟ್ ಯಾರು ಮಾಡಿಸಿದ್ದು ಅಂದಿ ಎಂದು ನನ್ನನ್ನು ಕೇಳುತ್ತಾರೆ. ಮರೆತು ಕೇಳುತ್ತಾರೋ, ಮತ್ತೊಮ್ಮೆ ಕೇಳಿಸಿಕೊಳ್ಳಬೇಕೆಂದು ಕೇಳುತ್ತಾರೋ, ಅವರ ಮುಖ ಎಷ್ಟು ನೋಡಿದರೂ ನನಗೆ ತಿಳಿಯುವುದಿಲ್ಲ. ನಿನ್ನೆಯೂ ಕೇಳಿದರು. ನಾನು ರೊಟ್ಟಿ ಬಡಿಯು‌ತ್ತಿದ್ದೆ. ಕೈ ನಿಲ್ಲಿಸಿ, ಅವರ ಕಡೆ ತಿರುಗಿ, ಎಲ್ಲರಿಗೂ ಕೇಳಿಸುವಂತೆ, "ನಾನ್ರಿ ಮಾವಾರ," ಅಂದೆ.